ಚುನಾವಣೆಗೊಂದು ನಾಡಾಭಿಮಾನ

ಊರಿನವರು ಸಿಕ್ಕಾಗಲೆಲ್ಲ ಕೇಳುವುದುಂಟು, "ಇಷ್ಟು ವರ್ಷದಿಂದ ಮದ್ರಾಸಿನಲ್ಲಿದ್ದೀರಿ, ನಾಡಿನ ಅಭಿಮಾನ ಇನ್ನೂ ಉಳಿದಿದೆಯಾ?" ಅಂತ. ಉಳಿದಿದೆ. ಆದರೆ ಗಡಿಯ ಈಚೆ ಕೂತು ನೋಡುವವರಿಗೆ ಅಭಿಮಾನದಲ್ಲಿ ಎರಡು ಬಗೆ ಕಾಣುತ್ತದೆ. ಒಂದು ದಿನಬಳಕೆಯದು. ಇನ್ನೊಂದು, ಚುನಾವಣೆ ಬಂದಾಗ ಅಟ್ಟದಿಂದ ಇಳಿಸುವಂಥದ್ದು.

2008ರ ಹೊಗೇನಕಲ್ ಗಲಾಟೆ ನೆನಪಿರಬಹುದು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಮೂಳೆ ಬಾಗುತ್ತದೆ. ಅಲ್ಲಿಗೆ ಕಾವೇರಿಯಿಂದ ಕುಡಿಯುವ ನೀರು ಒಯ್ಯುವ ಯೋಜನೆ ಅದು. ಆ ಮೇ ತಿಂಗಳಲ್ಲಿ ಕರ್ನಾಟಕದ ವಿಧಾನಸಭೆಗೆ ಚುನಾವಣೆ. ಅಲ್ಲಿ ಪ್ರತಿಭಟನೆ, ತಮಿಳು ಸಿನಿಮಾಗಳಿಗೆ ತಡೆ. ಇಲ್ಲಿ ಚೆನ್ನೈಯಲ್ಲಿ ಏಪ್ರಿಲ್ 4ರಂದು ಸಿನಿಮಾ ನಟರ ಉಪವಾಸ. ಅದರ ಬೆನ್ನಿಗೇ ಮುಖ್ಯಮಂತ್ರಿ ಕರುಣಾನಿಧಿ, ಕರ್ನಾಟಕದ ಚುನಾವಣೆ ಮುಗಿಯುವ ತನಕ ಯೋಜನೆ ನಿಲ್ಲಲಿ ಅಂದುಬಿಟ್ಟರು.

ನೋಡಿ, ಗುಟ್ಟು ಇರುವುದೇ ಆ ಮಾತಿನಲ್ಲಿ. ನೀರಿನ ತಕರಾರಿಗೂ ಮತದಾನದ ತಾರೀಕಿಗೂ ಏನು ಸಂಬಂಧ? ಗಡಿಯ ಬಗ್ಗೆ, ನೀರಿನ ಪಾಲಿನ ಬಗ್ಗೆ ಕರ್ನಾಟಕಕ್ಕೆ ಆತಂಕವಿದ್ದರೆ ತಪ್ಪೇನಿಲ್ಲ. ಆದರೆ ನಿಜವಾದ ಆತಂಕ ಎಣಿಕೆ ಮುಗಿದ ಮೇಲೂ ಇರಬೇಕಲ್ಲ! 2013ರಲ್ಲಿ ಯೋಜನೆ ಉದ್ಘಾಟನೆಯಾಯಿತು. ಐದು ವರ್ಷದ ಹಿಂದಿನ ಆ ಆವೇಶ ಆಗ ಇರಲಿಲ್ಲ.

ಇನ್ನೊಂದು ಮಾತು. ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ ಕಡೆ ಕನ್ನಡ ಮನೆಮಾತಿನವರು ಬಹಳ ಮಂದಿ. ಆ ನೀರು ಅವರಿಗೂ ಬೇಕಿತ್ತು. ಕನ್ನಡದ ಹೆಸರಿನಲ್ಲಿ ಆಡಿದ ಭಾಷಣಗಳಲ್ಲಿ ಅವರ ಸುದ್ದಿ ನನ್ನ ಕಿವಿಗಂತೂ ಬೀಳಲಿಲ್ಲ.

ಹಾಗಂತ ಸಂಕೇತಗಳೆಲ್ಲ ಪೊಳ್ಳು ಅನ್ನಲಾರೆ. ಬೆಂಗಳೂರಿನ ಹಲಸೂರಿನಲ್ಲಿ ಹದಿನೆಂಟು ವರ್ಷ ಮುಸುಕು ಹೊದ್ದಿದ್ದ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟಿನಲ್ಲಿ ಅನಾವರಣಗೊಂಡಿತು. ಕೆಲವೇ ದಿನಕ್ಕೆ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞ ಬಂದು ನಿಂತ. ಎರಡೂ ಕಡೆ ಪರವೂರಿನಲ್ಲಿ ಬದುಕುವವರ ಮನಸ್ಸು ಅಂದು ಸ್ವಲ್ಪ ಹಗುರಾಯಿತು. ಅದು ಸಣ್ಣ ಸಂಗತಿಯಲ್ಲ. ಆದರೆ ಪ್ರತಿಮೆ ನಿಂತ ಮಾತ್ರಕ್ಕೆ ಇಲ್ಲಿನ ಮಕ್ಕಳಿಗೆ ಕನ್ನಡ ಬರುವುದಿಲ್ಲ. ಯಾರೋ ಒಬ್ಬರು ಭಾನುವಾರದ ನಿದ್ದೆ ಬಿಟ್ಟು ಕೂತು ಅಕ್ಷರ ತಿದ್ದಿಸಬೇಕು.

ಅದಕ್ಕೇ ಯಾರಾದರೂ ವೇದಿಕೆ ಹತ್ತಿ ನಾಡು, ದೇಶ ಅಂತ ಗುಡುಗಿದರೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಅಭಿಮಾನದ ಖರ್ಚು ಯಾರದು? ಹೇಳುವವನದೇ ಆದರೆ ನಂಬಬಹುದು. ಗಡಿಯಾಚೆ ಅಂಗಡಿ ಬಾಗಿಲು ಹಾಕಿ ಕೂತವನದು, ಫ್ಲೋರೈಡ್ ನೀರು ಕುಡಿಯುವ ಕೂಸಿನದು ಆದರೆ, ಅದು ಬರೀ ಪ್ರಚಾರ.