ಬಿಟ್ಟ ಮೇಲಿನ ಬೇನೆ

ಒಳ್ಳೆಯದನ್ನು ಮಾಡಿದವನಿಗೆ ಒಳ್ಳೆಯದಾಗುವುದು ಎಂಬುದು ನಾವು ಉಪಾಧ್ಯಾಯರು ಒಂದನೆಯ ತರಗತಿಯಿಂದಲೇ ಮಕ್ಕಳಿಗೆ ಕಲಿಸುವ ನೀತಿ. ಕತೆಯ ಕೊನೆಯಲ್ಲಿ ಸಜ್ಜನನಿಗೆ ಸುಖವು ದೊರೆಯದಿದ್ದರೆ ಮಕ್ಕಳು ಒಪ್ಪುವುದಿಲ್ಲ. ಹಾಗೆ ಒಪ್ಪದಿರುವುದೇ ನ್ಯಾಯವೆಂದು ನಾವೂ ತಿಳಿದಿದ್ದೆವು. ಆದರೆ ಕಳೆದ ವರ್ಷ ಈ ನೀತಿಯು ನಮ್ಮ ದೇಹದಲ್ಲಿಯೇ ತಲೆಕೆಳಗಾದುದನ್ನು ಕಂಡೆವು. ಹದಿನಾಲ್ಕು ವರ್ಷಗಳಿಂದ ಸೇದುತ್ತಿದ್ದ ಬೀಡಿಯನ್ನು ಬಿಟ್ಟೆವು. ಬಿಟ್ಟ ಮರುದಿನದಿಂದ ಅಸ್ವಸ್ಥರಾದೆವು. ಕೆಟ್ಟದ್ದನ್ನು ಮಾಡುವಾಗ ನೆಟ್ಟಗಿದ್ದ ದೇಹವು ಒಳ್ಳೆಯದನ್ನು ಮಾಡಿದೊಡನೆ ಕೆಟ್ಟಿತೇಕೆ? ಇದಕ್ಕೆ ಉತ್ತರವನ್ನು ಹುಡುಕುವುದೇ ಈ ಬರಹದ ಉದ್ದೇಶ.

ನಮ್ಮ ಕಾಸರಗೋಡಿನ ಸೀಮೆಯಲ್ಲಿ ಬೀಡಿಯು ಯಾರಿಗೂ ಅಪರಿಚಿತವಲ್ಲ. ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮಲ್ಲಿ ಬಹಳ ಮಂದಿ. ಅವರ ದುಡಿಮೆಯನ್ನು ಹಳಿಯುವ ಅಧಿಕಾರ ನಮಗಿಲ್ಲ. ಅದನ್ನು ಬಾಯಿಗಿಟ್ಟುದು ಮಾತ್ರ ನಮ್ಮ ಸ್ವಂತ ತಪ್ಪು. ಕೇರಳದ ಉಚ್ಚ ನ್ಯಾಯಾಲಯವು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಕೂಡದೆಂದು 1999ರಲ್ಲಿಯೇ ತೀರ್ಪಿತ್ತಿತು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯಿದೆಯು ವಿಧಿಸಿತು. ನಾವು ಕಾನೂನಿಗೆ ಹೆದರಿ ಗುಡ್ಡೆಯ ಆಚೆಗೆ ಹೋಗಿ ಸೇದುತ್ತಿದ್ದೆವು. ಬೀಡಿಯು ನೂರು ಗಜದಾಚೆ ಉಳಿಯಿತು. ವಾಸನೆಯು ನಮ್ಮೊಡನೆ ತರಗತಿಗೆ ಬಂದಿತು. ಎರಡನೆಯ ತರಗತಿಯ ಹುಡುಗನೊಬ್ಬನು ಲೆಕ್ಕ ತೋರಿಸಲು ಬಂದವನು ಒಂದು ಹೆಜ್ಜೆ ಹಿಂದೆ ಸರಿದು, “ಮಾಷ್ಟ್ರೇ, ನಿಮಗೆ ನಮ್ಮ ಅಜ್ಜನ ಹಾಗೆ ವಾಸನೆ” ಎಂದನು. ಆ ಸಂಜೆಯೇ ಉಳಿದ ಬೀಡಿಗಳನ್ನು ಒಲೆಗೆ ಹಾಕಿದೆವು.

ಮರುದಿನ ತಲೆನೋವು ಬಂದಿತು. ಮೂರನೆಯ ದಿನ ಕೈ ನಡುಗಿತು, ನಿದ್ದೆ ಹಾರಿತು. ಬಾಯಿ ಹುಣ್ಣಾಯಿತು, ಮಲಬದ್ಧತೆಯಾಯಿತು. ಎಲ್ಲಕ್ಕಿಂತ ವಿಚಿತ್ರವೆಂದರೆ, ಸೇದುತ್ತಿದ್ದಾಗ ಬೆಳಗಿನ ಹೊತ್ತು ಮಾತ್ರ ಬರುತ್ತಿದ್ದ ಕೆಮ್ಮು ಈಗ ದಿನವಿಡೀ ಬರತೊಡಗಿತು. “ನಿಮ್ಮ ಶರೀರಕ್ಕೆ ಅದು ಒಗ್ಗಿಹೋಗಿದೆ, ಬಿಡುವುದೇ ಅಪಾಯ” ಎಂದು ಹಿತೈಷಿಗಳೊಬ್ಬರು ಬುದ್ಧಿ ಹೇಳಿದರು. ಆ ಮಾತು ನಮಗೆ ಬಹಳ ರುಚಿಸಿತು. ಬೇಕಾದ ಮಾತು ಬೇಕಾದ ಹೊತ್ತಿಗೆ ಬಂದರೆ ಅದು ನಿಜವಾಗಿಯೇ ಕಾಣುವುದು.

ಆರೋಗ್ಯ ಕೇಂದ್ರದ ವೈದ್ಯರು ಬೇರೆಯೇ ಅರ್ಥ ಹೇಳಿದರು. ತಂಬಾಕಿನ ನಿಕೋಟಿನ್ ಎಂಬ ದ್ರವ್ಯವು ಹೊಗೆಯೊಡನೆ ಕೆಲವೇ ಕ್ಷಣಗಳಲ್ಲಿ ಮಿದುಳನ್ನು ಮುಟ್ಟುವುದು. ವರ್ಷಗಟ್ಟಲೆ ಅದಕ್ಕೆ ಹೊಂದಿಕೊಂಡ ಮಿದುಳು, ಅದು ತಪ್ಪಿದೊಡನೆ ಚಡಪಡಿಸುವುದು. ಈ ಚಡಪಡಿಕೆಯು ಮೊದಲ ವಾರದಲ್ಲಿ ಅತ್ಯಂತ ತೀವ್ರವಾಗಿದ್ದು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುವುದು. ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ. ಹೊಗೆಯು ಅವನ್ನು ನಿಶ್ಚೇಷ್ಟಿತಗೊಳಿಸುವುದು. ಹೊಗೆ ನಿಂತೊಡನೆ ಅವು ಮತ್ತೆ ಕೆಲಸಕ್ಕೆ ತೊಡಗುವುದರಿಂದ ಕೆಲವರಿಗೆ ಸ್ವಲ್ಪ ಕಾಲ ಕೆಮ್ಮು ಹೆಚ್ಚುವುದು. ನಾವು ಕೇಡೆಂದು ತಿಳಿದುದು ಬಹು ದಿನಗಳಿಂದ ಮುಚ್ಚಿದ್ದ ಮನೆಯನ್ನು ಗುಡಿಸುವಾಗ ಏಳುವ ಧೂಳು!

ಆದರೂ ಮನಸ್ಸು ವಾದವನ್ನು ಬಿಡಲಿಲ್ಲ. ಒಂದೇ ಒಂದು ಬೀಡಿ ಸೇದಿದರೆ ಈ ನೋವೆಲ್ಲವೂ ಐದು ನಿಮಿಷಗಳಲ್ಲಿ ಅಡಗುವುದಲ್ಲವೆ? ನೋವನ್ನು ಅಡಗಿಸುವುದು ಔಷಧವಲ್ಲದೆ ಮತ್ತೇನು? ಸಾಲ ಕೊಟ್ಟವನೇ ಬಡ್ಡಿ ಕಟ್ಟಲೆಂದು ಮತ್ತೊಂದು ಸಾಲವನ್ನು ಕೊಟ್ಟರೆ ಆ ದಿನಕ್ಕೆ ಅವನು ಉಪಕಾರಿಯಂತೆಯೇ ತೋರುವನು. ಲೆಕ್ಕ ಬಲ್ಲವನಿಗೆ ಮಾತ್ರ ಮೋಸ ಕಾಣುವುದು.

ಹೀಗೆ ಯೋಚಿಸುತ್ತಿರುವಾಗ ನಮಗೆ ನೆನಪಾದುದು ನಮ್ಮ ಮೊದಲನೆಯ ಬೀಡಿ. ಉಪಾಧ್ಯಾಯ ತರಬೇತಿಯ ಕಾಲದಲ್ಲಿ ಗೆಳೆಯರ ನಡುವೆ ಅದನ್ನು ಸೇದಿದಾಗ ತಲೆ ತಿರುಗಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಬಾವಿಕಟ್ಟೆಯ ಬಳಿ ವಾಂತಿಯಾಗಿತ್ತು. ಅಂದು ನಮ್ಮ ದೇಹವು ಎಷ್ಟು ಸ್ಪಷ್ಟವಾಗಿ ಬೇಡವೆಂದಿತು! ನಾವು ಕೇಳಿದೆವೆ? ಮರುದಿನ ಮತ್ತೆ ಸೇದಿದೆವು; ಅಭ್ಯಾಸವಾಗುವ ವರೆಗೆ ಸಹಿಸಿಕೊಂಡೆವು. ಸೇರಿಸಿಕೊಳ್ಳುವಾಗಲೂ ಅಸ್ವಸ್ಥತೆ, ಬಿಡುವಾಗಲೂ ಅಸ್ವಸ್ಥತೆ. ಅಂದಮೇಲೆ ದೇಹದ ಸಂಕಟವು ಒಳಿತು ಕೆಡುಕುಗಳಿಗೆ ಸಾಕ್ಷಿಯಲ್ಲ. ಅದು ರೂಢಿಗೆ ಮಾತ್ರ ಸಾಕ್ಷಿ. ರೂಢಿಯು ಬದಲಾಗುತ್ತಿದೆ ಎಂದಷ್ಟೇ ಅದು ಹೇಳುವುದು. ಬದಲಾವಣೆಯು ಯಾವ ದಿಕ್ಕಿಗೆ ಎಂಬುದನ್ನು ವಿವೇಕವೇ ಹೇಳಬೇಕು. ಕಠೋಪನಿಷತ್ತು ಶ್ರೇಯಸ್ಸನ್ನೂ ಪ್ರೇಯಸ್ಸನ್ನೂ ಬೇರ್ಪಡಿಸಿತು. ಕಹಿಯಾದುದೆಲ್ಲವೂ ಶ್ರೇಯಸ್ಸೆಂದು ಇದರಿಂದ ತಿಳಿಯುವುದೂ ತಪ್ಪು. ನಮ್ಮ ಮೊದಲ ಬೀಡಿಯೂ ಕಹಿಯಾಗಿಯೇ ಇತ್ತಷ್ಟೆ!

ಆದರೆ ಈ ವಿಚಾರದಿಂದ ನಮ್ಮಲ್ಲಿ ಒಂದು ಗರ್ವವೂ ಮೂಡಿತೆಂದು ಒಪ್ಪಿಕೊಳ್ಳಬೇಕು. ನಾವು ಒಳ್ಳೆಯ ಕಾರ್ಯಕ್ಕಾಗಿ ನೋಯುತ್ತಿರುವವರು. ಸುತ್ತಲಿನವರು ನಮ್ಮನ್ನು ಸಹಿಸಿಕೊಳ್ಳಬೇಕು ಎಂಬ ಭಾವನೆ. ನಾಲ್ಕನೆಯ ದಿನ ಭಾಗಾಕಾರದ ಲೆಕ್ಕವನ್ನು ಎರಡನೆಯ ಸಲವೂ ತಪ್ಪಿ ಮಾಡಿದ ಹುಡುಗಿಯೊಬ್ಬಳ ಪುಸ್ತಕವನ್ನು ನಾವು ಎಸೆದುಬಿಟ್ಟೆವು. ಅದು ಬಾಗಿಲ ಬಳಿ ಬಿದ್ದಿತು. ಆಕೆ ಅಳಲಿಲ್ಲ. ಹೋಗಿ ಎತ್ತಿಕೊಂಡಳು, ಧೂಳನ್ನು ಒರೆಸಿದಳು, ಕಣ್ಣಿಗೊತ್ತಿಕೊಂಡಳು, ತನ್ನ ಸ್ಥಳದಲ್ಲಿ ಕುಳಿತಳು. ಪುಸ್ತಕಕ್ಕೆ ಕಾಲು ತಗಲಿದರೆ ಹಾಗೆ ಮಾಡಬೇಕೆಂದು ಕಲಿಸಿದವರು ನಾವೇ.

ಆ ರಾತ್ರಿ ನಿದ್ದೆ ಬಾರದಿದ್ದುದಕ್ಕೆ ನಿಕೋಟಿನ್ ಒಂದೇ ಕಾರಣವಲ್ಲ. ಹದಿನಾಲ್ಕು ವರ್ಷ ಸುಖಪಟ್ಟವರು ನಾವು. ಅದರ ಬೆಲೆಯನ್ನು ಒಂಬತ್ತು ವರ್ಷದ ಮಗುವಿನಿಂದ ವಸೂಲು ಮಾಡಿದೆವು. ತನ್ನ ವ್ರತದ ಹಸಿವನ್ನು ಪರರ ಮೇಲೆ ತೀರಿಸಿಕೊಳ್ಳುವವನು ವ್ರತವನ್ನು ಆಚರಿಸಿದಂತಾಗುವುದೆ? ಬೇನೆಯು ನಮ್ಮ ಇಚ್ಛೆಯಿಂದ ಬಂದುದಲ್ಲ, ನಿಜ. ಅದನ್ನು ಯಾರ ಮೇಲೆ ಹೊರಿಸುವೆವು ಎಂಬುದು ಮಾತ್ರ ನಮ್ಮ ಇಚ್ಛೆಗೇ ಸೇರಿದುದು. ಧರ್ಮಾಧರ್ಮಗಳ ಪ್ರಶ್ನೆಯು ಹುಟ್ಟುವುದು ಅಲ್ಲಿಯೇ.

ಮರುದಿನ ತರಗತಿಯಲ್ಲಿ ಇದ್ದುದನ್ನು ಇದ್ದಂತೆಯೇ ಹೇಳಿದೆವು: ಬೀಡಿ ಸೇದುತ್ತಿದ್ದೆವು, ಬಿಟ್ಟಿದ್ದೇವೆ, ಅದರಿಂದ ಸಿಡುಕು ಬರುತ್ತಿದೆ, ನಿನ್ನೆಯ ತಪ್ಪು ಲೆಕ್ಕದ್ದಲ್ಲ, ನಮ್ಮದು. ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅದೇ ಹುಡುಗಿ ಎದ್ದು, “ಇನ್ನು ಎಷ್ಟು ದಿನ, ಮಾಷ್ಟ್ರೇ?” ಎಂದು ಕೇಳಿದಳು. ವೈದ್ಯರು ಹೇಳಿದುದನ್ನು ಹೇಳಿದೆವು. ಅಂದಿನಿಂದ ಆಕೆ ಹಾಜರಿ ಕರೆಯುವ ಮುನ್ನ, “ಇವತ್ತು ಎಷ್ಟನೆಯ ದಿನ?” ಎಂದು ಕೇಳತೊಡಗಿದಳು. ಸುಳ್ಳು ಹೇಳುವಂತಿರಲಿಲ್ಲ, ಆದುದರಿಂದ ಸೇದುವಂತೆಯೂ ಇರಲಿಲ್ಲ.

ಈ ದಾರಿಯಲ್ಲಿ ನಡೆಯಲಿರುವ ಸಹೋದ್ಯೋಗಿಗಳಿಗೆ ನಮ್ಮ ಅನುಭವದ ಒಂದೆರಡು ಮಾತು ಉಪಯೋಗವಾದೀತು. ಸೇದಬೇಕೆಂಬ ಆಸೆಯು ಅಲೆಯಂತೆ ಬಂದು ಕೆಲವು ನಿಮಿಷಗಳಲ್ಲಿ ಇಳಿಯುವುದು. ಆ ಹೊತ್ತಿಗೆ ಒಂದು ಲೋಟ ಜೀರಿಗೆ ನೀರು, ಅಂಗಳದಲ್ಲಿ ನಾಲ್ಕು ಸುತ್ತು ನಡಿಗೆ ಸಾಕು. ಕಾಫಿಯನ್ನು ಅರ್ಧಕ್ಕೆ ಇಳಿಸುವುದು ಮೇಲು. ಧೂಮಪಾನಿಯ ದೇಹವು ಕಾಫಿಯ ಸತ್ವವನ್ನು ಬೇಗನೆ ಕರಗಿಸುವುದು. ಬಿಟ್ಟ ಮೇಲೆ ಅದೇ ಲೋಟವು ಹೆಚ್ಚು ಹೊತ್ತು ದೇಹದಲ್ಲಿ ನಿಂತು ನಡುಕವನ್ನೂ ನಿದ್ರಾಹೀನತೆಯನ್ನೂ ಹೆಚ್ಚಿಸುವುದು. ಗಂಜಿ, ಸೊಪ್ಪು, ಹಣ್ಣುಗಳಿಂದ ಹೊಟ್ಟೆಯ ತೊಂದರೆ ತಗ್ಗುವುದು. ತಡೆಯಲಾರದವರಿಗೆ ನಿಕೋಟಿನ್ ಸೇರಿಸಿದ ಅಗಿಯುವ ಗೋಂದು ಮೊದಲಾದ ಚಿಕಿತ್ಸೆಗಳಿವೆ. ವೈದ್ಯರನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ. ಹಾಗೆಯೇ ಬರುವ ನೋವೆಲ್ಲವನ್ನೂ ಬೀಡಿ ಬಿಟ್ಟುದರ ಲೆಕ್ಕಕ್ಕೆ ಬರೆಯಬಾರದು. ಎದೆನೋವು, ಉಸಿರುಕಟ್ಟು, ಕಫದಲ್ಲಿ ರಕ್ತ ಇವು ಕಂಡರೆ ಒಡನೆ ವೈದ್ಯರಲ್ಲಿಗೆ ಹೋಗಬೇಕು. ಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ಮನಸ್ಸಿನ ಕುಗ್ಗು ಏಳದಿದ್ದರೆ ಆಗಲೂ ಹೋಗಬೇಕು. ಸಹನೆಯು ಗುಣ, ಅಜ್ಞಾನವನ್ನು ಸಹನೆಯೆಂದು ಕರೆಯುವುದು ಗುಣವಲ್ಲ.

ನಮಗೆ ನಾಲ್ಕನೆಯ ವಾರದಲ್ಲಿ ನಿದ್ದೆ ಮರಳಿತು. ಕೆಮ್ಮು ನಿಧಾನವಾಗಿ ಇಳಿಯಿತು. ಒಳ್ಳೆಯದನ್ನು ಮಾಡಿದವನಿಗೆ ಒಳ್ಳೆಯದಾಗುವುದು ಎಂದು ಈಗಲೂ ಕಲಿಸುತ್ತೇವೆ. ಆದರೆ ಮೊದಲಿನಂತೆ ಅಲ್ಲಿಗೇ ನಿಲ್ಲಿಸುವುದಿಲ್ಲ. “ಒಡನೆಯೇ ಆಗದಿರಬಹುದು, ಅಷ್ಟರ ವರೆಗೆ ನಮ್ಮ ನೋವನ್ನು ಇನ್ನೊಬ್ಬರ ಮೇಲೆ ಎಸೆಯಬಾರದು” ಎಂದು ಸೇರಿಸುತ್ತೇವೆ. ಕೊನೆಯ ಬೆಂಚಿನಿಂದ ಆ ಹುಡುಗಿ ನಗುತ್ತಾಳೆ. ಉಳಿದ ಮಕ್ಕಳಿಗೂ ಅರ್ಥವಾಗುವುದು.