ಮಿಕ್ಕ ಮರ ಯಾರದು?

ನಮ್ಮ ನಡುಮನೆಯ ಗೋಡೆಯಲ್ಲಿ ಬಟ್ಟೆ ತೂಗುಹಾಕುವ ಗೂಟದ ಹಲಗೆಯೊಂದಿದೆ. ಎರಡಡಿ ಉದ್ದದ ಸಾಗುವಾನಿ, ಐದು ಗೂಟ. ಬಂದವರು ‘ಎಲ್ಲಿ ಕೊಂಡಿರಿ?’ ಎಂದು ಕೇಳುವುದುಂಟು. ‘ಕೊಂಡದ್ದಲ್ಲ, ಬಾಗಿಲು ಮಾಡಿಸಿದಾಗ ಮಿಕ್ಕ ಮರದಲ್ಲಿ ನಾನೇ ಮಾಡಿದ್ದು’ ಎನ್ನುವಾಗ ನನಗೆ ಹೆಮ್ಮೆ. ಅದರ ಹಿಂದೆಯೇ ಒಂದಿಷ್ಟು ಅಳುಕು.

ಬಾಗಿಲಿನ ಕೆಲಸ ಮುಗಿದ ದಿನ ಬಡಗಿ ಉಳಿ, ಕೊಡತಿಗಳನ್ನು ಚೀಲಕ್ಕೆ ತುಂಬಿ, ಮೂಲೆಯಲ್ಲಿದ್ದ ತುಂಡುಗಳತ್ತ ನೋಡಿ, ‘ಇವು ನಿಮಗೆ ಬೇಕಾ ಸ್ವಾಮಿ?’ ಎಂದಿದ್ದ. ಚಕ್ಕೆ, ತುಂಡು ಕೆಲಸಗಾರನಿಗೆ ಎಂಬ ವಾಡಿಕೆಯನ್ನು ನಾನು ಅರಿಯದವನಲ್ಲ. ಆದರೂ, ‘ಇರಲಿ ಬಿಡಪ್ಪ, ಏನಕ್ಕಾದರೂ ಆಗುತ್ತೆ’ ಎಂದೆ. ಆತ ಮರುಮಾತಾಡದೆ ಹೋದ. ತುಂಡುಗಳು ಅಟ್ಟ ಸೇರಿದುವು. ಏಳು ವರ್ಷ ಅವು ಏನಕ್ಕೂ ಆಗಲಿಲ್ಲ.

ಕೊನೆಗೊಮ್ಮೆ ಇಳಿಸಿ ನೋಡಿದರೆ ಗೆದ್ದಲು ತನ್ನ ಪಾಲನ್ನು ಆಗಲೇ ತೆಗೆದುಕೊಂಡಿತ್ತು. ಸಾಗುವಾನಿಯ ಹೊರಭಾಗದ ಬಿಳಿಮರವನ್ನು ಅದು ಬಿಡುವುದಿಲ್ಲ. ಒಳಗಿನ ಚೇಗು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅದರಲ್ಲಿ ಗೂಟ ಮಾಡಲು ಕುಳಿತೆ. ಮರದ ಎಳೆ ಗೂಟದ ಉದ್ದಕ್ಕೂ ಓಡಬೇಕು. ಅಡ್ಡವಾಗಿದ್ದರೆ ಒಂದು ಒದ್ದೆ ಪಂಚೆಯ ಭಾರಕ್ಕೇ ಮುರಿಯುತ್ತದೆ. ಗೂಟದ ತುದಿ ತುಸು ಮೇಲಕ್ಕೆ ಬಾಗಿರಬೇಕು. ಇಲ್ಲದಿದ್ದರೆ ಬಟ್ಟೆ ಜಾರುತ್ತದೆ. ಇಷ್ಟು ಕಲಿಯಲು ನಾನು ಮೂರು ತುಂಡು ಕೆಡಿಸಿದೆ. ಆ ಬಡಗಿಯ ಕೈಯಲ್ಲಿ ಒಂದೂ ಕೆಡುತ್ತಿರಲಿಲ್ಲ.

ದುಡ್ಡು ಕೊಟ್ಟವನು ನಾನು, ಮರವೂ ನನ್ನದೇ ಅಲ್ಲವೆ? ಈ ತರ್ಕ ಹೊಸದಲ್ಲ. ಇಂಗ್ಲೆಂಡಿನ ಸರ್ಕಾರಿ ಹಡಗುಕಟ್ಟೆಗಳಲ್ಲಿ ಮಿಕ್ಕ ಚಕ್ಕೆಗಳನ್ನು ಹೊತ್ತೊಯ್ಯುವ ಹಕ್ಕು ಬಡಗಿಗಳಿಗೆ ಬಹುಕಾಲ ಇತ್ತು. ಚಕ್ಕೆಯ ಹೆಸರಿನಲ್ಲಿ ಒಳ್ಳೆಯ ಮರವನ್ನೇ ಕಡಿದು ಸಾಗಿಸುತ್ತಾರೆಂದು ಅಧಿಕಾರಿಗಳು ದೂರುತ್ತಿದ್ದರು. 1801ರಲ್ಲಿ ಆ ಹಕ್ಕನ್ನು ರದ್ದುಮಾಡಿ ಬದಲಿಗೆ ಹಣ ಗೊತ್ತುಮಾಡಿದರು. ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು: ಹಕ್ಕನ್ನು ಕಿತ್ತುಕೊಂಡವರೂ ಅದಕ್ಕೊಂದು ಬೆಲೆ ಕಟ್ಟಿದರು. ನಾನು ಅದನ್ನೂ ಮಾಡಲಿಲ್ಲ.

ಮಿತವ್ಯಯವೆಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಬರಿಯ ಲೋಭ. ಎರಡೂ ವಸ್ತುವನ್ನು ಎಸೆಯುವುದಿಲ್ಲವಾದ್ದರಿಂದ ಹೊರಗಿನಿಂದ ನೋಡಿದರೆ ಒಂದೇ ತೆರ. ಮಿತವ್ಯಯಿ ತುಂಡನ್ನು ಕಂಡಾಗ ಅದರಲ್ಲಿ ಗೂಟವನ್ನು ಕಾಣುತ್ತಾನೆ. ಲೋಭಿಗೆ ಕಾಣುವುದು ‘ನನ್ನದು’ ಎಂಬುದೊಂದೇ. ಏಳು ವರ್ಷ ಅಟ್ಟದ ಮೇಲಿದ್ದ ಮರ ಎರಡನೆಯ ಬಗೆಯದು. ಆಮೇಲೆ ಗೂಟವಾಯಿತೆಂಬ ಮಾತ್ರಕ್ಕೆ ಆ ಏಳು ವರ್ಷ ಅಳಿಸಿಹೋಗುವುದಿಲ್ಲ.

ಈಚೆಗೆ ಅಡಿಗೆಮನೆಯ ಕಪಾಟು ಮಾಡಿಸುವಾಗ ಕೆಲಸಕ್ಕೆ ಮೊದಲೇ ಮಾತಾಡಿದೆ: ‘ಮಸಾಲೆ ಡಬ್ಬಿಗಳ ಹಲಗೆಗೆ ಎರಡು ತುಂಡು ನನಗಿರಲಿ, ಮಿಕ್ಕದ್ದು ನಿಮ್ಮದು.’ ಬಂದಿದ್ದವನು ಬೇರೆ ಬಡಗಿ; ನಕ್ಕು ತಲೆಯಾಡಿಸಿದ. ಇದನ್ನು ದಾನವೆಂದುಕೊಂಡರೆ ಮತ್ತೆ ತಪ್ಪಿದಂತೆ. ಹಳೆಯ ಬಡಗಿ ಎಲ್ಲಿದ್ದಾನೋ ತಿಳಿಯದು. ಆತನ ಬಾಕಿ ಹಾಗೆಯೇ ಇದೆ. ದಿನವೂ ಅಂಗಿಯನ್ನು ಅದರ ಮೇಲೆಯೇ ತೂಗುಹಾಕುತ್ತೇನೆ.