ಮಡ್ಡಿಯ ಮೇಲೆ ಯಾರ ಗಿಡ

ಬೆಳಿಗ್ಗೆ ಆರರ ಹೊತ್ತಿಗೆ ಧಾರವಾಡ ಸೀಮೆಯ ತಾರಿಹಾಳದ ಬೈಪಾಸಿನ ಬಳಿ ನಿಂತವರಿಗೆ ಎರಡು ಬಗೆಯ ಹೊಗೆ ಕಾಣುತ್ತದೆ. ಕೈಗಾರಿಕಾ ವಸಾಹತಿನ ಕಡೆಯಿಂದ ಏಳುವುದು ದಪ್ಪಗೆ, ನೆಟ್ಟಗೆ. ಊರೊಳಗಿನ ಮನೆಗಳಿಂದ ಏಳುವುದು ತೆಳ್ಳಗೆ. ಜಳಕದ ನೀರಿನ ಹಂಡೆಯ ಕೆಳಗೆ ಯಾರೋ ಈಗಷ್ಟೇ ಕುಳ್ಳು, ಕಟ್ಟಿಗೆ ಹಾಕಿದ್ದಾರೆ. ಸ್ವಲ್ಪ ಮೇಲೆ ಹೋದರೆ ಎರಡೂ ಬೆರೆಯುತ್ತವೆ. ಯಾವ ಹೊಗೆ ಯಾರದು ಎಂದು ಆಕಾಶ ಕೇಳುವುದಿಲ್ಲ. ಆ ಪ್ರಶ್ನೆ ಇರುವುದು ನೆಲದ ಮೇಲೆ: ಈ ಉರುವಲು ಎಲ್ಲಿ ಬೆಳೆಯಿತು, ಅದು ಬೆಳೆಯುವ ಮೊದಲು ಆ ಜಾಗದಲ್ಲಿ ಏನಿತ್ತು?

ಇಂಗಾಲದ ಲೆಕ್ಕ ದೊಡ್ಡ ಗಣಿತವೇನಲ್ಲ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಟನ್ ಸುಟ್ಟರೆ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗಿಡ ಅದನ್ನು ಗಾಳಿಯಿಂದಲೇ ಎತ್ತಿಕೊಂಡಿತ್ತು. ಅದೇ ಜಾಗದಲ್ಲಿ ಇನ್ನೊಂದು ಗಿಡ ಬೆಳೆದರೆ ಮತ್ತೆ ಎತ್ತಿಕೊಳ್ಳುತ್ತದೆ. ಹೀಗಾಗಿ ಕಟ್ಟಿಗೆಯ ಹೊಗೆ ಒಂದು ಕೈಗಡ, ತೀರಿಸಲು ಬರುವಂಥದ್ದು. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಕಲ್ಲಿದ್ದಲಿನ ಹೊಗೆಗೆ ಆ ದಾರಿಯಿಲ್ಲ. ಆದರೆ ಕೈಗಡಕ್ಕೂ ಅವಧಿ ಎಂಬುದಿದೆ. ಕಟ್ಟಿಗೆ ಒಂದು ತಾಸಿನಲ್ಲಿ ಉರಿದುಹೋಗುತ್ತದೆ, ನೀಲಗಿರಿಯಂಥ ಅವಸರದ ಗಿಡವೂ ಕಡಿಯುವ ಹದಕ್ಕೆ ಬರಲು ಏಳೆಂಟು ವರ್ಷ ಬೇಕು. ಆ ನಡುವಿನ ವರ್ಷಗಳಲ್ಲಿ ಹೊಗೆ ಮೇಲೆಯೇ ಇರುತ್ತದೆ.

ಹಾಗಾದರೆ ಉರುವಲಿನ ಗಿಡ ಎಲ್ಲಿ ಬೆಳೆಸಬೇಕು? ಈ ಪ್ರಶ್ನೆಗೆ ಊರು, ರಾಜಧಾನಿ, ವಿದೇಶದ ಸಮ್ಮೇಳನ ಎಲ್ಲ ಕಡೆಯೂ ಉತ್ತರ ಒಂದೇ: ಬರಡು ನೆಲದಲ್ಲಿ. 2019ರಲ್ಲಿ ದೆಹಲಿಯಲ್ಲಿ ಮರುಭೂಮೀಕರಣ ತಡೆಯುವ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ, 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳುಬಿದ್ದ ಭೂಮಿಯನ್ನು ಸುಧಾರಿಸುತ್ತೇವೆ ಎಂದು ಭಾರತ ಮಾತು ಕೊಟ್ಟಿತು. ಮರಗಿಡಗಳಲ್ಲಿ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹಿಡಿದಿಡುವ ಮಾತಂತೂ ಅದಕ್ಕೂ ಮೊದಲಿನದು. ಒಳ್ಳೆಯ ಮಾತುಗಳೇ. ಆದರೆ ಅಂಥ ಮಾತು ನಕಾಶೆಯ ಮೇಲೆ ಇಳಿದಾಗ ಕಂದು ಬಣ್ಣದ ತುಂಡುಗಳಾಗುತ್ತದೆ. ತಾರಿಹಾಳದಿಂದ ಪಡುವಣಕ್ಕೆ, ಎರಿಭೂಮಿ ಮುಗಿದು ಮಸಾರಿ ಸುರುವಾಗುವಲ್ಲಿ ಇರುವ ಮಡ್ಡಿಗಳೂ ಅಲ್ಲಿ ಕಂದು ಬಣ್ಣದಲ್ಲೇ ಕಾಣುತ್ತವೆ.

ಅಂಥದೊಂದು ಮಡ್ಡಿಯ ಮೇಲೆ ಕುರಿ ಮೇಯಿಸುತ್ತಿದ್ದ ಹಿರಿಯರನ್ನು ಕೇಳಿದ್ದೆ: "ಅಜ್ಜಾರ, ಇಲ್ಲೇನೂ ಬೆಳಿಯಂಗಿಲ್ಲೇನ್ರಿ?"

"ಏನೂ ಬೆಳಿಯಂಗಿಲ್ಲಂದ್ರ ನನ್ನ ಕುರಿ ಏನ್ ತಿಂತಾವ, ತಮ್ಮಾ?"

ಬಾರಿ ಕಂಟಿ, ಕವಳಿ ಕಂಟಿ, ತಂಗಡಿ, ಮಳೆ ಬಿದ್ದ ಎಂಟು ದಿನಕ್ಕೆ ಚಿಗುರುವ ಕರಿಕೆ. ಇವಕ್ಕೆ ಟನ್ನಿನ ಲೆಕ್ಕವಿಲ್ಲ. ಹುಲ್ಲು ತನ್ನ ಇಂಗಾಲದ ಬಹುಪಾಲನ್ನು ಬೇರಿನಲ್ಲಿ, ಮಣ್ಣಿನೊಳಗೆ ಇಡುತ್ತದೆ. ನೆಟ್ಟಗೆ ನಿಂತು ತೋರಿಸುವುದಿಲ್ಲ. ಯಂತ್ರ ತಂದು ನೆಲ ಅಗೆದು ಸಾಲು ಸಾಲು ಗುಣಿ ತೋಡಿದರೆ ಅದರಲ್ಲೊಂದಿಷ್ಟು ಗಾಳಿಗೆ ಹಾರುವುದೂ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಸೀಮೆಗೆ ಇದು ಹೊಸ ಪಾಠವಲ್ಲ. 1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರ ರೇಯಾನಿಗೆ ಕಟ್ಟಿಗೆಯ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಸರ್ಕಾರದ್ದು ನೂರಕ್ಕೆ 51 ಪಾಲು, ಕಾರ್ಖಾನೆಯದು 49. ನಾಲ್ಕು ಜಿಲ್ಲೆಗಳಲ್ಲಿ 30,000 ಹೆಕ್ಟೇರ್ ಸಾಮೂಹಿಕ ಭೂಮಿ ಗುರುತಾಯಿತು. ಕಾಗದದಲ್ಲಿ ಅದು ಸಿ ಮತ್ತು ಡಿ ದರ್ಜೆಯ ಜಮೀನು, ಅಂದರೆ ಯಾರ ಉಪಯೋಗಕ್ಕೂ ಇಲ್ಲದ್ದು. ಊರವರಿಗೆ ಅದು ದನ ಮೇಯುವ ಜಾಗ, ಸೌದೆಯ ಜಾಗ, ಸೊಪ್ಪಿನ ಜಾಗ. ಅಲ್ಲಿ ನೀಲಗಿರಿ ಎದ್ದಿತು. ದನ ಅದರ ಎಲೆಗೆ ಬಾಯಿ ಹಾಕುವುದಿಲ್ಲ, ಅದರ ಬುಡದಲ್ಲಿ ಹುಲ್ಲು ಸರಿಯಾಗಿ ಏಳುವುದಿಲ್ಲ, ಕಟ್ಟಿಗೆ ಹೋಗುವುದು ಹರಿಹರದ ಕಾರ್ಖಾನೆಗೆ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಈ ಪ್ರಶ್ನೆಯನ್ನು ಊರೂರಿಗೆ ಒಯ್ದಿತು, ಎಸ್. ಆರ್. ಹಿರೇಮಠರು ಮುಂದೆ ನಿಂತರು. ಶಿವರಾಮ ಕಾರಂತರು ಒಪ್ಪಂದದ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರಾದರು. 1987ರ ನವೆಂಬರ್ 14ರಂದು, ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಆಗಿನ್ನೂ ಅದು ಧಾರವಾಡ ಜಿಲ್ಲೆಯೇ, ಹಾವೇರಿ ಬೇರೆಯಾದದ್ದು 1997ರಲ್ಲಿ. ಅಹಿಂಸೆಯ ಪ್ರಮಾಣ ಮಾಡಿ, ನೂರರಷ್ಟು ನೀಲಗಿರಿ ಸಸಿ ಕಿತ್ತು, ಅದೇ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಎಂದೇ ಅದಕ್ಕೆ ಹೆಸರು. 1991ರಲ್ಲಿ ಕಂಪನಿ ಮುಚ್ಚಿತು.

ಈ ಕತೆಯನ್ನು ನೀಲಗಿರಿಯ ತಪ್ಪು ಎಂದು ಹೇಳಿ ಮುಗಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಗಿಡಕ್ಕೇನು, ನೆಟ್ಟಲ್ಲಿ ಬೆಳೆಯಿತು. ಕುಸನೂರಿನವರು ಕಿತ್ತದ್ದಕ್ಕಿಂತ ಹಚ್ಚಿದ್ದರ ಮೇಲೆ ನನ್ನ ಗಮನ ಹೋಗುತ್ತದೆ. ಅವರು ಗಿಡವೇ ಬೇಡ ಎನ್ನಲಿಲ್ಲ. ಯಾವ ಗಿಡ, ಯಾರ ಒಲೆಗೆ, ಯಾರ ದನಕ್ಕೆ ಎಂದು ತಾವು ಹೇಳುತ್ತೇವೆ ಎಂದರು. ಆಗ ಗಿಡ ಬೇಡಿದ್ದು ರೇಯಾನ್ ತಿರುಳು. ಇಂದು ಇಂಗಾಲ ಬೇಡುತ್ತಿದೆ. ಬೇಡುವವರ ಉದ್ದೇಶ ಈ ಸಲ ಹೆಚ್ಚು ಶುದ್ಧ ಎನ್ನುವ ಕಾರಣಕ್ಕೆ ಕೇಳದೆ ಗುಣಿ ತೋಡುವ ಹಕ್ಕು ಬರುವುದಿಲ್ಲ.

ಊರವರನ್ನು ಜೊತೆಗೆ ಇಟ್ಟುಕೊಂಡು ನಡೆದ ಪ್ರಯತ್ನಗಳೂ ಇವೆ. ಕುಣಿಗಲ್ ತಾಲೂಕಿನ ಹೊಸಹಳ್ಳಿ ಎಂಬ ಪುಟ್ಟ ಊರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು ಎಂಜಿನ್ ಓಡಿಸಿ ಕರೆಂಟ್ ಕೊಟ್ಟರು. ಉರುವಲಿಗೆಂದೇ ಊರ ಪಕ್ಕದಲ್ಲಿ ಸಣ್ಣ ತೋಪು ಬೆಳೆಸಿದರು. ಮೊದಲು ದೀಪ, ಆಮೇಲೆ ಕುಡಿಯುವ ನೀರಿನ ಪಂಪು, ಹಿಟ್ಟಿನ ಗಿರಣಿ. ಹತ್ತು ವರ್ಷಕ್ಕೂ ಮಿಕ್ಕಿ ಅದು ನಡೆಯಿತು. ಮುಂದೆ ಕೊರಟಗೆರೆ ತಾಲೂಕಿನ ಕಬ್ಬಿಗೆರೆಯಲ್ಲಿ ಇದೇ ದಾರಿಯಲ್ಲಿ ಅದಕ್ಕಿಂತ ದೊಡ್ಡ ಘಟಕ ಎದ್ದು, ವಿದ್ಯುತ್ತನ್ನು ಬೆಸ್ಕಾಂ ತಂತಿಗೆ ಕೊಟ್ಟಿತು. ಹೊಸಹಳ್ಳಿಯ ಹೆಚ್ಚುಗಾರಿಕೆ ಎಂಜಿನ್ನಿನದಲ್ಲ. ಗಿಡ ಕಾಣುವಷ್ಟು ದೂರದಲ್ಲೇ ಅದರ ದೀಪವೂ ಉರಿಯುತ್ತಿತ್ತು, ಕಟ್ಟಿಗೆ ಕಡಿಮೆಯಾದರೆ ಸಂಜೆಗೇ ತಿಳಿಯುತ್ತಿತ್ತು.

ಕಡಿಯದೆಯೂ ಉರುವಲು ಕೊಡುವ ಗಿಡ ನಮ್ಮಲ್ಲಿದೆ. ಬೆಂಗಳೂರಿನವರು ಹೊಂಗೆ ಎನ್ನುತ್ತಾರೆ, ನಮ್ಮ ಕಡೆ ಹುಲಗಲ. ನಾಲ್ಕು ಕೆಜಿ ಬೀಜ ಅರೆದರೆ ಹೆಚ್ಚುಕಡಿಮೆ ಒಂದು ಕೆಜಿ ಎಣ್ಣೆ, ಉಳಿದದ್ದು ಹಿಂಡಿ, ಹೊಲಕ್ಕೆ ಗೊಬ್ಬರ. ದ್ವಿದಳದ ಜಾತಿಯಾದ್ದರಿಂದ ಬೇರು ಸಾರಜನಕ ಕಟ್ಟುತ್ತದೆ. ದನ ಹೆಚ್ಚು ತಿನ್ನುವುದಿಲ್ಲವಾದ್ದರಿಂದ ಬೇಲಿಯ ಖರ್ಚು ಕಡಿಮೆ. ಸೀಮೆಎಣ್ಣೆ ಬರುವ ಮೊದಲು ಹಳ್ಳಿಯ ಎಷ್ಟೋ ಮನೆಗಳಲ್ಲಿ ಇದರದೇ ದೀಪ. ಇಂಗಾಲ ಕಾಂಡದಲ್ಲೇ ಕೂತಿರುತ್ತದೆ, ವರ್ಷವರ್ಷ ಇಳಿಯುವುದು ಕಾಯಿ ಮಾತ್ರ. ಆದರೆ ಕಾಯಿ ಬಿಡಲು ಐದಾರು ವರ್ಷ ಬೇಕು, ಸುಡು ಬಿಸಿಲಲ್ಲಿ ಕೂತು ಅದನ್ನು ಆರಿಸಿ ಕುಟ್ಟುವುದು ಸಾಮಾನ್ಯವಾಗಿ ಹೆಣ್ಣುಮಕ್ಕಳ ಕೆಲಸ. ಅವರ ಕೂಲಿ ಗಿಟ್ಟದಿದ್ದರೆ ಬೀಜ ಬುಡದಲ್ಲೇ ಕೊಳೆಯುತ್ತದೆ. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿ ತಂದು, ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಯೋಜನೆಗಳಲ್ಲಿ ಹೊಂಗೆ, ಬೇವು, ಹಿಪ್ಪೆ ಬೆಳೆಸಲು ಹೊರಟಿತು. ಅದಕ್ಕೂ ಕೆಲವು ವರ್ಷ ಮೊದಲು ದೇಶದ ತುಂಬ ಜತ್ರೋಫಾದ ಹುಯ್ಲು ಎದ್ದಿತ್ತು; ಬರಡಿನಲ್ಲಿ ಬಂಪರ್ ಬೆಳೆ ಎಂದವರ ಮಾತು ನಂಬಿ ನೆಟ್ಟವರಿಗೆ ಬರಡು ನೆಲ ಬರಡು ಇಳುವರಿಯನ್ನೇ ಕೊಟ್ಟಿತು. ನೀರು, ಗೊಬ್ಬರ ಇಲ್ಲದೆ ಜೀವ ಹಿಡಿದುಕೊಳ್ಳುವುದು ಬೇರೆ, ಕಾಯಿ ತುಂಬುವುದು ಬೇರೆ.

ತಾರಿಹಾಳಕ್ಕೆ ಹೇಳುವುದಾದರೆ ನನ್ನ ಅನುಕ್ರಮ ಇಷ್ಟು. ಅಲ್ಲಿನ ಕಾರ್ಖಾನೆಗಳ ಬಾಯ್ಲರಿಗೆ ಸುಡಲು ಏನಾದರೂ ಬೇಕೇ ಬೇಕೆಂದರೆ ಮೊದಲು ಸುತ್ತಲಿನ ಹೊಲಗಳ ಕಡೆ ನೋಡಲಿ. ಹತ್ತಿ ಬಿಡಿಸಿದ ಮೇಲೆ ಎಷ್ಟೋ ಕಡೆ ಹತ್ತಿಕಟ್ಟಿಗೆಯನ್ನು ಹೊಲದಲ್ಲೇ ಒಟ್ಟಿ ಬೆಂಕಿ ಇಡುತ್ತಾರೆ. ಶೇಂಗಾ ಹೊಟ್ಟು ಇದೆ, ಕಟ್ಟಿಗೆ ಅಡ್ಡೆಗಳ ಹುಡಿ ಇದೆ. ಮನೆಯ ಒಲೆಗೆ ಹೋಗುವ ಪಾಲು ಬಿಟ್ಟು ಮಿಕ್ಕದ್ದನ್ನು ಬೆಲೆ ಕೊಟ್ಟು ಕೊಳ್ಳಲಿ. ಆಮೇಲೆ ಹುಲಗಲ, ಬೇವು: ರಸ್ತೆಯ ಅಂಚಿಗೆ, ಕಾರ್ಖಾನೆಗಳ ಕಂಪೌಂಡಿಗೆ, ಹೊಲದ ಬದುವಿಗೆ. ಮಣ್ಣು ಪೂರಾ ತೊಳೆದುಹೋಗಿ ಕೊರಕಲು ಬಿದ್ದ ಇಳಿಜಾರಿದೆಯಲ್ಲ, ಅಲ್ಲಿ ಒಡ್ಡು ಹಾಕಿ ಗಿಡ ಹಚ್ಚಿದರೆ ಯಾರೂ ಬೇಡ ಎನ್ನಲಾರರು. ಹುಲ್ಲಿರುವ ಗಾಯರಾಣ, ಅಂದರೆ ಊರ ಮೇವಿನ ನೆಲ, ಕೊನೆಗೆ. ಅದರ ಮಾತು ಎತ್ತಲೇಬೇಕಾದರೆ ಊರ ಸಭೆಯಲ್ಲಿ ಎತ್ತಲಿ, ಕುರಿಯವರು ದೂರದ ಹೊಲಗಳಿಗೆ ಹಿಂಡು ಹೊಡೆದುಕೊಂಡು ಹೋಗಿರದ ತಿಂಗಳು ನೋಡಿ ದಿನ ಗೊತ್ತು ಮಾಡಲಿ.